ರಾಜತಾಂತ್ರಿಕ ರಕ್ಷಣೆ: ವಸಾಹತುಗಳಲ್ಲಿ ನೋಂದಾಯಿತ ವಿದೇಶಿ ಒಡೆತನದ ಕಂಪನಿಗಳು

ಪರದೇಶದ ಸರ್ಕಾರದಿಂದ ಅನ್ಯಾಯವಾಗಿ, ಅಲ್ಲಿನ ನ್ಯಾಯಾಲಯಗಳಲ್ಲೂ ಪರಿಹಾರ ಸಿಗದ ಪ್ರಜೆಯ ಪರವಾಗಿ ಅವನ ಸ್ವದೇಶದ ಸರ್ಕಾರ ನಿಂತು ಲೆಕ್ಕ ಕೇಳುವುದಕ್ಕೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ರಾಜತಾಂತ್ರಿಕ ರಕ್ಷಣೆ ಎಂದು ಹೆಸರು. ಈ ಹಕ್ಕು ಪ್ರಜೆಯದಲ್ಲ, ದೇಶದ್ದು. ಪ್ಯಾಲೆಸ್ಟೈನಿನಲ್ಲಿ ಆಟೊಮನ್ ಸರ್ಕಾರದಿಂದ ಗುತ್ತಿಗೆ ಪಡೆದಿದ್ದ ಗ್ರೀಕ್ ಪ್ರಜೆ ಮಾವ್ರೊಮ್ಮಾಟಿಸ್‌ನ ಪರವಾಗಿ ಗ್ರೀಸ್ ದೇಶ, ಆಗ ಪ್ಯಾಲೆಸ್ಟೈನನ್ನು ಆಳುತ್ತಿದ್ದ ಬ್ರಿಟನ್ನಿನ ಮೇಲೆ ದಾವೆ ಹೂಡಿದಾಗ, ಹೇಗ್‌ನ ಕಾಯಂ ಅಂತರರಾಷ್ಟ್ರೀಯ ನ್ಯಾಯಾಲಯ 1924ರಲ್ಲಿ ಇದನ್ನು ಖಚಿತಪಡಿಸಿತು. ತನ್ನ ಪ್ರಜೆಯ ದೂರನ್ನು ಕೈಗೆತ್ತಿಕೊಂಡ ದೇಶ ತನ್ನದೇ ಹಕ್ಕನ್ನು ಸಾಧಿಸುತ್ತಿರುತ್ತದೆ. ಹಾಗಾಗಿ ಅದು ದೂರನ್ನು ಎತ್ತಿಕೊಳ್ಳದೆಯೂ ಇರಬಹುದು, ನಡುವೆ ರಾಜಿ ಮಾಡಿಕೊಳ್ಳಲೂಬಹುದು.

ಮನುಷ್ಯರ ವಿಷಯದಲ್ಲಿ ರಾಷ್ಟ್ರೀಯತೆ ಹುಟ್ಟಿನಿಂದಲೋ ಪೌರತ್ವದ ಪತ್ರದಿಂದಲೋ ತಿಳಿಯುತ್ತದೆ. ಕಂಪನಿಯ ಕಥೆ ಬೇರೆ. ಹಣ ಒಂದು ದೇಶದ್ದು, ಆಡಳಿತ ಕಚೇರಿ ಇನ್ನೊಂದು ದೇಶದಲ್ಲಿ, ನೋಂದಣಿ ಮತ್ತೊಂದರಲ್ಲಿ, ಗಣಿಯೋ ಕಾರ್ಖಾನೆಯೋ ನಾಲ್ಕನೆಯದರಲ್ಲಿ ಇರಬಹುದು. ನೋಂದಣಿಯ ಜಾಗ ವಸಾಹತಾಗಿದ್ದರೆ ತೊಡಕು ಇನ್ನೂ ಹೆಚ್ಚು, ಏಕೆಂದರೆ ವಸಾಹತಿಗೆ ಹೊರದೇಶದೊಂದಿಗೆ ಮಾತಾಡುವ ಬಾಯಿ ಇಲ್ಲ. ಅದರ ಕಂಪನಿಗೆ ಅನ್ಯಾಯವಾದರೆ ಮಾತಾಡಬೇಕಾದವರು ಅದನ್ನು ಆಳುವವರೇ. ಅನ್ಯಾಯ ಮಾಡಿದವರೂ ಅವರೇ ಆದರೆ ದೂರು ಹೇಳಿಕೊಳ್ಳಲು ಜಾಗವೇ ಇರುವುದಿಲ್ಲ. ಈ ಲೇಖನ ಇದೇ ಇಕ್ಕಟ್ಟನ್ನು ಕುರಿತದ್ದು. ಹಳೆಯ ಮೈಸೂರು ಸಂಸ್ಥಾನದ ಭದ್ರಾವತಿ ಮತ್ತು ಕೋಲಾರ, ಸಂಡೂರು, ಮಂಗಳೂರು, ಗೋವಾದ ಗಡಿಯ ಕ್ಯಾಸಲ್ ರಾಕ್ ಇದನ್ನು ಅರಿಯಲು ಸಾಕಷ್ಟು ಸಾಮಗ್ರಿ ಒದಗಿಸುತ್ತವೆ.

ನೋಂದಣಿಯ ನಿಯಮ

ಇಂದು ಒಪ್ಪಿತವಾದ ಸೂತ್ರ ಸರಳ: ಕಂಪನಿ ಯಾವ ದೇಶದ ಕಾನೂನಿನಡಿ ನೋಂದಣಿಯಾಗಿದೆಯೋ ಆ ದೇಶಕ್ಕೆ ಮಾತ್ರ ಅದರ ಪರವಾಗಿ ಮಾತಾಡುವ ಹಕ್ಕು. ಷೇರುದಾರರ ದೇಶಕ್ಕೆ ಆ ಹಕ್ಕಿಲ್ಲ. ಇದನ್ನು ಸ್ಥಾಪಿಸಿದ್ದು ಬಾರ್ಸಿಲೋನಾ ಟ್ರಾಕ್ಷನ್ ಮೊಕದ್ದಮೆ. ಅಮೆರಿಕದ ಎಂಜಿನಿಯರ್ ಫ್ರೆಡ್ ಸ್ಟಾರ್ಕ್ ಪಿಯರ್ಸನ್ 1911ರಲ್ಲಿ ಸ್ಪೇನಿನ ಕ್ಯಾಟಲೋನಿಯಾಕ್ಕೆ ವಿದ್ಯುತ್ ಕೊಡಲು ಈ ಕಂಪನಿ ಕಟ್ಟಿದ. ನೋಂದಣಿ ಮಾತ್ರ ಕೆನಡಾದ ಟೊರಾಂಟೊದಲ್ಲಿ. ಮೊದಲನೆಯ ಮಹಾಯುದ್ಧದ ನಂತರ ಷೇರುಗಳು ಬೆಲ್ಜಿಯಂ ಹೂಡಿಕೆದಾರರ ಕೈಸೇರಿದವು. 1948ರಲ್ಲಿ ಸ್ಪೇನಿನ ರೇಯುಸ್ ಪಟ್ಟಣದ ನ್ಯಾಯಾಲಯ ಕಂಪನಿಯನ್ನು ದಿವಾಳಿ ಎಂದು ಘೋಷಿಸಿತು, ಆಸ್ತಿ ಬೇರೆಯವರ ಪಾಲಾಯಿತು. ಬೆಲ್ಜಿಯಂ ಹೇಗ್‌ಗೆ ಹೋಯಿತು. 1970ರ ಫೆಬ್ರವರಿ 5ರಂದು ಅಂತರರಾಷ್ಟ್ರೀಯ ನ್ಯಾಯಾಲಯ 15ಕ್ಕೆ 1ರ ಬಹುಮತದಿಂದ ಬೆಲ್ಜಿಯಂನ ದಾವೆಯನ್ನು ವಜಾ ಮಾಡಿತು. ಕೆಟ್ಟದ್ದು ಕಂಪನಿಗೆ, ಕಂಪನಿ ಕೆನಡಾದ್ದು, ಷೇರುದಾರರಿಗೆ ತಗುಲಿದ್ದು ಅದರ ನೆರಳು ಮಾತ್ರ ಎಂಬುದು ತೀರ್ಪಿನ ಸಾರ.

ಪಠ್ಯಪುಸ್ತಕಗಳು ಈ ಮೊಕದ್ದಮೆಯ ಒಂದು ಸಂಗತಿಯನ್ನು ಬೇಗ ದಾಟಿಬಿಡುತ್ತವೆ. 1911ರ ಕೆನಡಾ ಬ್ರಿಟಿಷ್ ಸಾಮ್ರಾಜ್ಯದ ಒಂದು ಡೊಮಿನಿಯನ್, ಅದರ ವಿದೇಶಾಂಗ ವ್ಯವಹಾರ ಲಂಡನ್ನಿನ ಕೈಯಲ್ಲಿತ್ತು. ಅಂದರೆ ಈ ವಿಷಯದ ಜಗತ್ಪ್ರಸಿದ್ಧ ತೀರ್ಪೇ, ಹುಟ್ಟಿದ ಕ್ಷಣದಲ್ಲಿ ಸ್ವಂತ ವಿದೇಶಾಂಗ ನೀತಿಯಿಲ್ಲದ ನೆಲದಲ್ಲಿ ಪರರ ಹಣದಿಂದ ನೋಂದಣಿಯಾದ ಕಂಪನಿಯದು. ದಿವಾಳಿಯ ವೇಳೆಗೆ ಕೆನಡಾ ಸ್ವತಂತ್ರವಾಗಿ ಮಾತಾಡಬಲ್ಲ ದೇಶವಾಗಿತ್ತು, ಕೆಲವು ವರ್ಷ ಸ್ಪೇನಿನ ಮೇಲೆ ಒತ್ತಡವನ್ನೂ ತಂದಿತು, 1955ರ ನಂತರ ಸುಮ್ಮನಾಯಿತು. ಸುಮ್ಮನಾಗುವುದು ಅದರ ಇಷ್ಟ, ಆ ಮೌನದಿಂದ ಬೆಲ್ಜಿಯಂಗೆ ಹಕ್ಕು ಹುಟ್ಟುವುದಿಲ್ಲ ಎಂದಿತು ನ್ಯಾಯಾಲಯ. ಕೆನಡಾ ಮಾತಾಡಲು ಸಾಧ್ಯವೇ ಇಲ್ಲದ ಸ್ಥಿತಿಯಲ್ಲಿದ್ದಿದ್ದರೆ? ಅದು ಬೇರೆ ಪ್ರಶ್ನೆಯಾಗುತ್ತಿತ್ತು ಎಂದು ನ್ಯಾಯಾಲಯವೇ ಸೂಚಿಸಿತು. ವಸಾಹತುಗಳ ಕಂಪನಿಗಳು ನಿಲ್ಲುವುದು ಈ ಸೂಚನೆಯ ಬಾಗಿಲಲ್ಲಿ.

ಎರಡು ಪೋರ್ಚುಗೀಸ್ ರೈಲುಮಾರ್ಗಗಳು

ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಪೋರ್ಚುಗಲ್ ತನ್ನ ಎರಡು ವಸಾಹತುಗಳಲ್ಲಿ ಪರರ ಹಣದಿಂದ ರೈಲು ಹಾಕಿಸಿತು. ಒಂದು ಗೋವಾದ ಮೊರ್ಮುಗಾವ್ ಬಂದರಿನಿಂದ ಘಟ್ಟ ಹತ್ತಿ ಉತ್ತರ ಕನ್ನಡದ ಕ್ಯಾಸಲ್ ರಾಕ್ ಸೇರುವ ದಾರಿ, ಅಲ್ಲಿಂದ ಮುಂದೆ ಹುಬ್ಬಳ್ಳಿಯ ಕಡೆಗೆ ಸದರ್ನ್ ಮರಾಠಾ ರೈಲ್ವೆ. ಇದನ್ನು ಹಾಕಿದ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ಗ್ಯಾರಂಟೀಡ್ ರೈಲ್ವೆ ಕಂಪನಿ ಲಂಡನ್ನಿನಲ್ಲಿ ನೋಂದಣಿಯಾದದ್ದು. ಬಂಡವಾಳಕ್ಕೆ ಬಡ್ಡಿಯ ಭರವಸೆ ಕೊಟ್ಟದ್ದು ಲಿಸ್ಬನ್. ಗೋವಾ ಪೋರ್ಚುಗೀಸರದಾದರೂ ಕಂಪನಿ ಬ್ರಿಟಿಷರದು. ತಕರಾರು ಬಂದಿದ್ದರೆ ಲಂಡನ್ ನೇರವಾಗಿ ಲಿಸ್ಬನ್ನಿನ ಬಾಗಿಲು ತಟ್ಟಬಹುದಿತ್ತು.

ಇನ್ನೊಂದು ಮೊಜಾಂಬಿಕ್‌ನ ಲೊರೆನ್ಸೊ ಮಾರ್ಕೆಸ್‌ನಿಂದ ಟ್ರಾನ್ಸ್‌ವಾಲ್ ಗಡಿಗೆ ಹೋಗುವ ಡೆಲಗೋವಾ ಕೊಲ್ಲಿಯ ಮಾರ್ಗ. 1883ರಲ್ಲಿ ಇದರ ಪರವಾನಗಿ ಪಡೆದವನು ಎಡ್ವರ್ಡ್ ಮ್ಯಾಕ್‌ಮರ್ಡೊ ಎಂಬ ಅಮೆರಿಕನ್. ಇಲ್ಲಿ ಪೋರ್ಚುಗಲ್ ಒಂದು ಷರತ್ತು ಹಾಕಿತು: ಕಂಪನಿ ಪೋರ್ಚುಗೀಸ್ ಕಾನೂನಿನ ಪ್ರಕಾರವೇ ಸ್ಥಾಪನೆಯಾಗಬೇಕು. ಹಾಗೇ ಆಯಿತು, ಷೇರುಗಳು ಮುಂದೆ ಲಂಡನ್ನಿನ ಕಂಪನಿಯೊಂದರ ಕೈಗೆ ಹೋದವು. 1889ರ ಜೂನ್‌ನಲ್ಲಿ ಕೆಲಸ ಹೊತ್ತಿಗೆ ಮುಗಿದಿಲ್ಲವೆಂದು ಪೋರ್ಚುಗಲ್ ಪರವಾನಗಿ ರದ್ದು ಮಾಡಿ ದಾರಿಯನ್ನು ವಶಪಡಿಸಿಕೊಂಡಿತು. ಅಮೆರಿಕ, ಬ್ರಿಟನ್ ಎರಡೂ ದೂರಿದಾಗ ಲಿಸ್ಬನ್ ಕೊಟ್ಟ ಉತ್ತರ ಊಹಿಸಬಹುದಾದದ್ದೇ: ಕಂಪನಿ ನಮ್ಮದು, ನೀವು ಯಾರು ಕೇಳಲು? ಕಂಪನಿಯ ಉಸಿರನ್ನೇ ನಿಲ್ಲಿಸಿದ ಮೇಲೆ ಅದರ ಹೆಸರಿನ ಮರೆಯಲ್ಲಿ ನಿಲ್ಲುವಂತಿಲ್ಲ ಎಂದು ಎರಡೂ ದೇಶಗಳು ಪಟ್ಟು ಹಿಡಿದವು. ಕೊನೆಗೆ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಕೂತ ಮಧ್ಯಸ್ಥಿಕೆ ಮಂಡಳಿ 1900ರ ಮಾರ್ಚ್ 29ರಂದು ಪೋರ್ಚುಗಲ್ ಹಣ ತೆರಬೇಕೆಂದು ತೀರ್ಮಾನಿಸಿತು. ಅಸಲು 1 ಕೋಟಿ 53 ಲಕ್ಷ ಸ್ವಿಸ್ ಫ್ರಾಂಕ್‌ಗೂ ಮಿಕ್ಕಿತ್ತು, ಮೇಲೆ ಬಡ್ಡಿ.

ಒಂದೇ ಸರ್ಕಾರ, ಒಂದೇ ದಶಕ, ಎರಡು ವಸಾಹತು. ವ್ಯತ್ಯಾಸ ನೋಂದಣಿ ಎಲ್ಲಿ ಎಂಬುದರಲ್ಲಿತ್ತು. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ, ಒಂದು ಕಡೆ ನೋಂದಣಿಯ ಜಾಗ ಹೂಡಿಕೆದಾರರ ಆಯ್ಕೆ, ಇನ್ನೊಂದು ಕಡೆ ಆಳುವವರ ಹುಕುಂ. ಮುಂದೆ 2006ರಲ್ಲಿ ಈ ವಿಷಯದ ಅಂತರರಾಷ್ಟ್ರೀಯ ನಿಯಮಗಳನ್ನು ಬರೆದವರಿಗೆ ದಾರಿ ತೋರಿದ್ದು ಈ ಎರಡನೆಯ ವ್ಯತ್ಯಾಸ.

ಮೈಸೂರು: ಎರಡು ಬೀಗಗಳ ಬಾಗಿಲು

ಮೈಸೂರು ವಸಾಹತಾಗಿರಲಿಲ್ಲ, ಸ್ವತಂತ್ರ ದೇಶವೂ ಆಗಿರಲಿಲ್ಲ. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿದಾಗ ಬರೆದುಕೊಂಡ ಹಸ್ತಾಂತರದ ಪತ್ರದ ಪ್ರಕಾರ ಮಹಾರಾಜರು ಹೊರದೇಶಗಳೊಂದಿಗೆ ಸಂಬಂಧ ಇಟ್ಟುಕೊಳ್ಳುವಂತಿರಲಿಲ್ಲ. ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ಅಧಿಕಾರವೂ ಮೀಸಲಾಗಿತ್ತು. 1913ರ ಒಪ್ಪಂದ ಹಸ್ತಾಂತರ ಪತ್ರದ ಜಾಗಕ್ಕೆ ಬಂದರೂ ಈ ಮೂಲ ಸ್ಥಿತಿ ಬದಲಾಗಲಿಲ್ಲ. ಭಾರತದ ಸಂಸ್ಥಾನಗಳ ಪ್ರಜೆಗಳು ಹೊರದೇಶದಲ್ಲಿ ಬ್ರಿಟಿಷ್ ರಕ್ಷಣೆಗೆ ಒಳಪಟ್ಟವರೆಂದು 1890ರ ಫಾರಿನ್ ಜ್ಯೂರಿಸ್ಡಿಕ್ಷನ್ ಕಾಯಿದೆ ಹೇಳುತ್ತಿತ್ತು. ಆದರೆ ಸಂಸ್ಥಾನಕ್ಕೂ ಬ್ರಿಟಿಷರಿಗೂ ನಡುವಿನ ಸಂಬಂಧಕ್ಕೆ ಅಂತರರಾಷ್ಟ್ರೀಯ ಕಾನೂನಿನ ತತ್ವಗಳು ಅನ್ವಯಿಸವು ಎಂದು, ಮಣಿಪುರದಲ್ಲಿ ಬ್ರಿಟಿಷರ ವಿರುದ್ಧ ನಡೆದ ದಂಗೆಯ ಬೆನ್ನಿಗೆ, 1891ರ ಆಗಸ್ಟ್ 21ರಂದು ಭಾರತ ಸರ್ಕಾರ ಗೆಜೆಟ್‌ನಲ್ಲೇ ಸಾರಿತು.

ಇದರ ಅರ್ಥ ಬಿಡಿಸಿ ನೋಡಬೇಕು. ಮೈಸೂರಿನ ಕಂಪನಿ ಕಾನೂನಿನಡಿ ಒಬ್ಬ ಅಮೆರಿಕನ್ ತನ್ನ ಹಣದಿಂದ ಕಂಪನಿ ನೋಂದಣಿ ಮಾಡಿಸಿ, ಮುಂದೆ ಸರ್ಕಾರ ಅದರ ಗುತ್ತಿಗೆ ಕಿತ್ತುಕೊಂಡಿತೆಂದು ಇಟ್ಟುಕೊಳ್ಳಿ. ವಾಷಿಂಗ್ಟನ್ ಮೈಸೂರಿನ ದಿವಾನರಿಗೆ ಪತ್ರ ಬರೆಯುವಂತಿಲ್ಲ, ಲಂಡನ್ನಿಗೆ ಬರೆಯಬೇಕು. ಮೈಸೂರು ಮಾಡಿದ್ದಕ್ಕೆ ಹೊರದೇಶಗಳ ಮುಂದೆ ಹೊಣೆ ಲಂಡನ್ನಿನದೇ. ಕಂಪನಿಯ ರಕ್ಷಕನೂ ಲಂಡನ್ನೇ. ಆರೋಪಿ, ವಕೀಲ ಇಬ್ಬರೂ ಒಬ್ಬನೇ. ಇಂಥ ಸಂದರ್ಭದಲ್ಲಿ ನೋಂದಣಿಯ ನಿಯಮವನ್ನು ಅಕ್ಷರಶಃ ಹಿಡಿದರೆ ಅನ್ಯಾಯಕ್ಕೆ ಉತ್ತರವೇ ಇರುವುದಿಲ್ಲ. ಷೇರುದಾರರ ದೇಶಕ್ಕೆ ಮಾತಿನ ಹಕ್ಕು ಸಿಗಬೇಕಾದ ಶುದ್ಧ ಉದಾಹರಣೆ ಇದ್ದರೆ ಅದು ಇದೇ.

ಹೂಡಿಕೆದಾರರು ಇದನ್ನು ಅರಿಯದವರಾಗಿರಲಿಲ್ಲ. ಕೋಲಾರದ ಚಿನ್ನದ ಗಣಿಯನ್ನು ನೋಡಿ. ನಿವೃತ್ತ ಸೈನಿಕ ಮೈಕಲ್ ಲ್ಯಾವೆಲ್‌ಗೆ ಗಣಿ ಅಗೆಯುವ ಪರವಾನಗಿ ದೊರೆತಾಗ ಮೈಸೂರು ಇನ್ನೂ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿತ್ತು. ಕೊಟ್ಟವರೂ ತೆಗೆದುಕೊಂಡವರೂ ಒಂದೇ ಕಡೆಯವರು. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ನೋಂದಣಿಯಾದದ್ದು ಬೆಂಗಳೂರಿನಲ್ಲಲ್ಲ, ಲಂಡನ್ನಿನಲ್ಲಿ. ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಗಣಿಗಳ ಒಡೆಯರೂ ಲಂಡನ್ನಿನವರೇ. 1881ರ ನಂತರ ಮಹಾರಾಜರ ಸರ್ಕಾರ ಗುತ್ತಿಗೆ ಕೊಡುವ ಜಮೀನ್ದಾರನ ಸ್ಥಾನದಲ್ಲಿ ನಿಂತು ಚಿನ್ನದ ಮೇಲೆ ರಾಜಧನ ಪಡೆಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಎಳೆದು ಗಣಿಗೆ ಮಾರಿತು. ತಕರಾರು ಬಂದರೆ ಲಂಡನ್ನಿನ ವಿದೇಶಾಂಗ ಕಚೇರಿಗೆ ಹೋಗುವ ಅಗತ್ಯವೇ ಇರಲಿಲ್ಲ, ಬೆಂಗಳೂರಿನಲ್ಲೇ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟ್ ಇದ್ದ. ಇದನ್ನು ರಾಜತಾಂತ್ರಿಕ ರಕ್ಷಣೆ ಎನ್ನಲು ಬರುವುದಿಲ್ಲ. ಇದು ಸರ್ವೋಚ್ಚಾಧಿಕಾರ, ರಕ್ಷಣೆಗಿಂತ ಹೆಚ್ಚು ಬಿಗಿಯಾದದ್ದು, ಮೇಲ್ಮನವಿಯಿಲ್ಲದ್ದು.

ಭದ್ರಾವತಿ ಹಿಡಿದ ದಾರಿ

ಶಿವಮೊಗ್ಗ ಜಿಲ್ಲೆಯ ಭದ್ರಾ ನದಿಯ ದಂಡೆಯ ಬೆಂಕಿಪುರಕ್ಕೆ, ಅಂದರೆ ಇಂದಿನ ಭದ್ರಾವತಿಗೆ, ಕಬ್ಬಿಣದ ಕಾರ್ಖಾನೆ ಬಂದ ಬಗೆ ಕೋಲಾರಕ್ಕೆ ತದ್ವಿರುದ್ಧ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು 1899ರಲ್ಲೇ ಬಂದಿತ್ತು. ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಭಂಡಿಗುಡ್ಡದಲ್ಲಿ ಸುಣ್ಣಕಲ್ಲು, ಮಲೆನಾಡಿನ ಕಾಡಿನಲ್ಲಿ ಇದ್ದಲಿಗೆ ಬೇಕಾದ ಸೌದೆ. ದಿವಾನ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಯೋಜನೆ ರೂಪಿಸಲು ನೆರವಾದವನು ನ್ಯೂಯಾರ್ಕಿನ ಎಂಜಿನಿಯರ್ ಸಿ. ಪಿ. ಪೆರಿನ್. ಸಾಕ್ಚಿಯ ಟಾಟಾ ಕಾರ್ಖಾನೆಗೂ ಸಲಹೆಗಾರ ಅವನೇ. 1918ರಲ್ಲಿ ಶುರುವಾದ ಕೆಲಸ 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿಸುವ ಹಂತಕ್ಕೆ ಬಂತು. ಮೊದಲಿಗೆ ಆಡಳಿತ ನೋಡಿಕೊಂಡ ಟಾಟಾ ಸಂಸ್ಥೆಯಿಂದ ಅದನ್ನು ಸರ್ಕಾರವೇ ತನ್ನ ಮಂಡಳಿಗೆ ತೆಗೆದುಕೊಂಡಿತು. 1923ರಿಂದ 1929ರವರೆಗೆ ವಿಶ್ವೇಶ್ವರಯ್ಯನವರೇ ಆ ಮಂಡಳಿಯ ಅಧ್ಯಕ್ಷರು. ಯುದ್ಧಾನಂತರ ಬೀಡುಕಬ್ಬಿಣದ ಬೆಲೆ ಕುಸಿದು ಕಾರ್ಖಾನೆ ನಷ್ಟ ಅನುಭವಿಸಿದಾಗ ಅದನ್ನು ಉಳಿಸಿಕೊಂಡದ್ದು ಈ ಅವಧಿಯಲ್ಲೇ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಒಂದೇ. ಹೊರಗಿನವರಿಂದ ಪಡೆದದ್ದು ತಿಳಿವಳಿಕೆ, ಯಂತ್ರ, ಆಡಳಿತದ ಕೆಲಸ. ಬಂಡವಾಳ ಸರ್ಕಾರದ್ದು. ಕಾರ್ಖಾನೆ ಸರ್ಕಾರದ ಅಂಗವಾಗಿಯೇ ದಶಕಗಟ್ಟಲೆ ನಡೆದು, ಕಂಪನಿಯಾಗಿ ನೋಂದಣಿಯಾದದ್ದು 1962ರಲ್ಲಿ. ಹಾಗಾಗಿ ಯಾವ ದೇಶವೂ ಭದ್ರಾವತಿಯ ಷೇರುದಾರರ ಹೆಸರಿನಲ್ಲಿ ಮೈಸೂರಿನ ಮೇಲೆ ಬೆರಳು ತೋರುವಂತಿರಲಿಲ್ಲ. ಪೆರಿನ್‌ನ ಸಲಹೆಯ ಕರಾರಿನಲ್ಲಿ ಜಗಳವಾಗಿದ್ದರೂ ಅದು ಕರಾರಿನ ಜಗಳವೇ. ಬರೀ ಕರಾರು ಮುರಿದದ್ದು ಅಂತರರಾಷ್ಟ್ರೀಯ ತಪ್ಪಾಗುವುದಿಲ್ಲ, ಜೊತೆಗೆ ನ್ಯಾಯ ನಿರಾಕರಣೆಯೋ ಮನಬಂದಂತೆ ಆಸ್ತಿ ಕಸಿದದ್ದೋ ಇರಬೇಕು. 1936ರಲ್ಲಿ ಇದೇ ಊರಿಗೆ ಬಂದ ಮೈಸೂರು ಪೇಪರ್ ಮಿಲ್ಸ್ ಮೈಸೂರಿನ ಕಾನೂನಿನಡಿಯ ಕಂಪನಿ. ಸಂಸ್ಥಾನ ತನ್ನ ನೆಲದ ಕೈಗಾರಿಕೆಗೆ ತನ್ನದೇ ನೋಂದಣಿ, ತನ್ನದೇ ಹಣ ಎಂಬ ದಾರಿ ಹಿಡಿದದ್ದು ಕಾನೂನಿನ ಲೆಕ್ಕಾಚಾರದಿಂದಲೇ ಎನ್ನಲಾಗದು. ಫಲ ಮಾತ್ರ ಅದೇ: ಕೋಲಾರದಲ್ಲಿ ರೆಸಿಡೆಂಟನಿಗಿದ್ದ ಸಬೂಬು ಭದ್ರಾವತಿಯಲ್ಲಿ ಇರಲಿಲ್ಲ.

ಸಂಡೂರು, ಮಂಗಳೂರು

ಈಗ ಬಳ್ಳಾರಿ ಜಿಲ್ಲೆಗೆ ಸೇರಿರುವ ಸಂಡೂರು ಆಗ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಲ್ಲಿನ ಮ್ಯಾಂಗನೀಸ್ ಅಗೆಯಲು ಬಂದದ್ದು ಬೆಲ್ಜಿಯಂ ಬಂಡವಾಳದ ಜನರಲ್ ಸಂಡೂರು ಮೈನಿಂಗ್ ಕಂಪನಿ. ಸುಮಾರು ಅರ್ಧ ಶತಮಾನದ ನಂತರ, 1954ರಲ್ಲಿ ಹುಟ್ಟಿದ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಸಂಸ್ಥೆಯ ಕೈಗೆ ಆ ಗಣಿಗಳು ಬಂದವು. ಬೆಲ್ಜಿಯಂ ಷೇರುದಾರರು ಹೇಗ್‌ನಲ್ಲಿ ಸ್ಪೇನಿನ ಮೇಲೆ ಸೋಲುವುದಕ್ಕೆ ಬಹಳ ಹಿಂದೆಯೇ ಕನ್ನಡ ನಾಡಿನ ಬೆಟ್ಟದಲ್ಲಿ ಬೆಲ್ಜಿಯಂ ಹಣವಿತ್ತು. ಇಲ್ಲಿ ಜಗಳ ಹೇಗ್‌ವರೆಗೆ ಹೋಗಲಿಲ್ಲ.

ಮಂಗಳೂರಿನ ಕಥೆ ಜಗಳದ್ದು. ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಜೆಪ್ಪುವಿನಲ್ಲಿ ಶುರುವಾದದ್ದು 1865ರಲ್ಲಿ, ನೇಯ್ಗೆ ಅದಕ್ಕೂ ಹಿಂದೆ. ಇವುಗಳ ಹಿಂದಿದ್ದ ವ್ಯಾಪಾರ ಸಂಸ್ಥೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನೋಂದಣಿಯಾದದ್ದು, ಆದರೆ ಮಿಷನ್ನಿನ ಮಂದಿಯಲ್ಲಿ ವ್ಯೂರ್ಟೆಂಬರ್ಗಿನ ಜರ್ಮನ್ನರು ಬಹಳ. 1914ರಲ್ಲಿ ಯುದ್ಧ ಬಂತು. ಕಂಪನಿಯ ನೋಂದಣಿಯನ್ನಲ್ಲ, ಅದನ್ನು ಆಳುವ ಕೈಗಳನ್ನು ನೋಡಬೇಕೆಂದು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1916ರಲ್ಲಿ ಡೈಮ್ಲರ್ ಮೊಕದ್ದಮೆಯಲ್ಲಿ ಹೇಳಿತು. ಅದರ ಪ್ರಕಾರ ಇಂಗ್ಲೆಂಡಿನಲ್ಲೇ ನೋಂದಣಿಯಾದ ಕಂಪನಿಯೂ ಶತ್ರುವಾಗಬಹುದಿತ್ತು. ಶಾಂತಿಕಾಲದಲ್ಲಿ ನೋಂದಣಿಯನ್ನು ಪೂಜಿಸುವ ಕಾನೂನು ಯುದ್ಧಕಾಲದಲ್ಲಿ ಷೇರುದಾರರ ಮನೆ ಹುಡುಕುತ್ತದೆ ಎಂಬುದು ಈ ವಿಷಯದ ಒಂದು ಕುಹಕ. ಬಾಸೆಲ್ ಸಂಸ್ಥೆಯ ಆಸ್ತಿ ಭಾರತದಲ್ಲೂ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್‌ನಲ್ಲೂ ಬ್ರಿಟಿಷರ ವಶವಾಗಿ, ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಗೆ ಹೋಯಿತು. ಮಂಗಳೂರಿನ ಹಿರಿಯರಿಗೆ ಈ ಹೆಸರು ಹೆಂಚಿನ ಮೇಲೆ ಓದಿದ ನೆನಪಿರಬಹುದು. ತಟಸ್ಥ ದೇಶದ ಕಂಪನಿಯನ್ನು ಶತ್ರುವೆಂದು ಕಿತ್ತುಕೊಂಡದ್ದು ತಪ್ಪೆಂದು ಸ್ವಿಸ್ ಸರ್ಕಾರ ಲಂಡನ್ನಿನ ಮೇಲೆ ಒತ್ತಡ ತಂದಿತು. 1920ರ ದಶಕದಲ್ಲಿ ಗೋಲ್ಡ್ ಕೋಸ್ಟ್‌ನ ಆಸ್ತಿಗೆ ಪರಿಹಾರ ಸಿಕ್ಕಿತು. ಸ್ವಿಟ್ಜರ್ಲೆಂಡ್ ಮಾತಾಡಲು ಸಾಧ್ಯವಾದದ್ದು ನೋಂದಣಿ ಬಾಸೆಲ್‌ನಲ್ಲಿ ಇದ್ದುದರಿಂದ. ಅದೇ ಸಂಸ್ಥೆ ಮದ್ರಾಸಿನಲ್ಲಿ ನೋಂದಣಿಯಾಗಿದ್ದರೆ ಬರ್ನ್‌ಗೆ ಆ ಬಾಯಿ ಇರುತ್ತಿರಲಿಲ್ಲ.

ಮದ್ರಾಸ್, ಬೊಂಬಾಯಿ, ಕಲ್ಕತ್ತೆಗಳಲ್ಲಿ ಇಷ್ಟಪಟ್ಟು ನೋಂದಣಿ ಮಾಡಿಸಿಕೊಂಡ ಪರದೇಶಿ ಕಂಪನಿಗಳೂ ಬೇಕಾದಷ್ಟಿದ್ದವು. ಸ್ವೀಡನ್ನಿನ ಬೆಂಕಿಕಡ್ಡಿ ಸಂಸ್ಥೆ 1923ರಲ್ಲಿ ಬೊಂಬಾಯಿಯಲ್ಲಿ ವಿಮ್ಕೊ ಕಟ್ಟಿದ್ದು ಆಮದು ಸುಂಕದ ಗೋಡೆಯ ಒಳಗೆ ಬರಲು. ಅಂಥವರಿಗೆ ರಕ್ಷಣೆಯ ವಿನಾಯಿತಿ ಬೇಕಿಲ್ಲ. ಸುಂಕದ ಲಾಭ ಪಡೆಯಲು ಭಾರತೀಯರಾದವರು ಕಷ್ಟ ಬಂದಾಗ ಸ್ವೀಡಿಷರಾಗುವುದು ನ್ಯಾಯವಲ್ಲ.

ನಿಯಮದ ಇಂದಿನ ರೂಪ

ಮೆಕ್ಸಿಕೊ 1938ರಲ್ಲಿ ತೈಲ ರಾಷ್ಟ್ರೀಕರಣ ಮಾಡಿದಾಗ, ಮೆಕ್ಸಿಕೊದಲ್ಲೇ ನೋಂದಣಿಯಾಗಿದ್ದ ಎಲ್ ಆಗಿಲಾ ಕಂಪನಿಯ ಬ್ರಿಟಿಷ್ ಷೇರುದಾರರ ಪರವಾಗಿ ಲಂಡನ್ ಪ್ರತಿಭಟಿಸಿತು. ಮೆಕ್ಸಿಕೊ ಒಪ್ಪದೆ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಇಂಥ ಹಳೆಯ ಜಗಳಗಳನ್ನೂ ಬಾರ್ಸಿಲೋನಾ ತೀರ್ಪನ್ನೂ ಒಟ್ಟಿಗಿಟ್ಟು, ದಕ್ಷಿಣ ಆಫ್ರಿಕಾದ ಜಾನ್ ಡುಗಾರ್ಡ್ ಅವರ ವರದಿಗಳ ಆಧಾರದ ಮೇಲೆ, ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ 2006ರಲ್ಲಿ ಕರಡು ವಿಧಿಗಳನ್ನು ಅಂಗೀಕರಿಸಿತು. ಮೂಲನಿಯಮ ನೋಂದಣಿಯದೇ. ಕಂಪನಿ ಬೇರೆ ದೇಶದವರ ಹಿಡಿತದಲ್ಲಿದ್ದು, ನೋಂದಣಿಯ ದೇಶದಲ್ಲಿ ಗಣನೀಯ ವ್ಯವಹಾರವಿಲ್ಲದೆ, ಆಡಳಿತ ಹಾಗೂ ಹಣಕಾಸಿನ ಕೇಂದ್ರ ಎರಡೂ ಮತ್ತೊಂದು ದೇಶದಲ್ಲಿದ್ದರೆ ಮಾತ್ರ ಆ ದೇಶದ ರಾಷ್ಟ್ರೀಯತೆ ಎನ್ನುತ್ತದೆ ಒಂಬತ್ತನೆಯ ವಿಧಿ. ಹನ್ನೊಂದನೆಯ ವಿಧಿ ಷೇರುದಾರರ ದೇಶಕ್ಕೆ ಎರಡು ಬಾಗಿಲು ತೆರೆಯುತ್ತದೆ. ಆದ ಅನ್ಯಾಯಕ್ಕೆ ಸಂಬಂಧವಿಲ್ಲದ ಕಾರಣದಿಂದ ಕಂಪನಿ ಅಸ್ತಿತ್ವ ಕಳೆದುಕೊಂಡಿರಬೇಕು, ಇಲ್ಲವೇ ಅನ್ಯಾಯ ಮಾಡಿದ ದೇಶವೇ ಅಲ್ಲಿ ವ್ಯವಹಾರ ಮಾಡಲು ಅಲ್ಲೇ ನೋಂದಣಿಯಾಗಬೇಕೆಂದು ಕಡ್ಡಾಯ ಮಾಡಿರಬೇಕು. ಎರಡನೆಯದು ಡೆಲಗೋವಾದ ಪಾಠವೇ.

ಈ ವಿಧಿಗಳಲ್ಲಿ ವಸಾಹತಿನ ಹೆಸರಿಲ್ಲ. ಬರೆದ ಹೊತ್ತಿಗೆ ವಸಾಹತುಗಳು ಬಹುಪಾಲು ಮುಗಿದಿದ್ದವು. ಅದಕ್ಕೇ ಒಂದು ಕೊರತೆ ಉಳಿದಿದೆ. ಕಡ್ಡಾಯವಿಲ್ಲದಿದ್ದರೂ, ನೋಂದಣಿಯ ನೆಲಕ್ಕೆ ಮಾತಾಡುವ ಸಾಮರ್ಥ್ಯವೇ ಇಲ್ಲದಿದ್ದರೆ ಏನು ಎಂಬ ಮೈಸೂರಿನ ಪ್ರಶ್ನೆಗೆ ವಿಧಿಗಳಲ್ಲಿ ಉತ್ತರವಿಲ್ಲ, ಬಾರ್ಸಿಲೋನಾ ತೀರ್ಪಿನ ಆ ಸೂಚನೆಯೊಂದೇ ಆಸರೆ. 2007ರಲ್ಲಿ ಗಿನಿ ದೇಶದ ಡಿಯಾಲೊ ಪರವಾಗಿ ಕಾಂಗೊದ ಮೇಲೆ ನಡೆದ ಮೊಕದ್ದಮೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಕಡ್ಡಾಯ ನೋಂದಣಿಯ ವಿನಾಯಿತಿ ರೂಢಿಯ ಕಾನೂನಾಗಿದೆಯೇ ಎಂಬುದನ್ನು ತೀರ್ಮಾನಿಸದೆ, ಇಲ್ಲಿ ನೋಂದಣಿ ಕಡ್ಡಾಯವಾಗಿತ್ತೆಂದು ಸಾಬೀತಾಗಿಲ್ಲ ಎಂದು ದಾವೆಯ ಆ ಭಾಗವನ್ನು ಬದಿಗಿಟ್ಟಿತು.

ಸ್ವಾತಂತ್ರ್ಯದ ನಂತರ

1947ರ ಆಗಸ್ಟ್ 15ರಂದು ಕಲ್ಕತ್ತೆಯಲ್ಲಿ ನೋಂದಣಿಯಾಗಿದ್ದ ಕಂಪನಿಗಳು, ಒಡೆಯರು ಸ್ಕಾಟ್ಲೆಂಡಿನವರಾಗಿದ್ದರೂ, ಅಂತರರಾಷ್ಟ್ರೀಯ ಲೆಕ್ಕದಲ್ಲಿ ಭಾರತದ ಕಂಪನಿಗಳಾದವು. ಕೋಲಾರದ ಗಣಿಗಳನ್ನು ಮೈಸೂರು ರಾಜ್ಯ 1956ರ ನವೆಂಬರ್‌ನಲ್ಲಿ ತನ್ನದಾಗಿಸಿಕೊಂಡಿತು. ಮುಂದೆ ಅವು ಭಾರತ್ ಗೋಲ್ಡ್ ಮೈನ್ಸ್ ಆಗಿ 2001ರವರೆಗೆ ನಡೆದವು.

ಇಂದು ಹೂಡಿಕೆದಾರರು ತಮ್ಮ ಸರ್ಕಾರದ ದಯೆಗೆ ಕಾಯುವುದಿಲ್ಲ. ದ್ವಿಪಕ್ಷೀಯ ಹೂಡಿಕೆ ಒಪ್ಪಂದಗಳಡಿ ಷೇರುದಾರರೇ ನೇರ ದಾವೆ ಹೂಡಬಹುದು. ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ ಪ್ರಕರಣ ಇದರ ಹೊಳಪನ್ನೂ ಅಪಾಯವನ್ನೂ ತೋರುತ್ತದೆ. 2005ರ ಜನವರಿಯಲ್ಲಿ ಇಸ್ರೊದ ವಾಣಿಜ್ಯ ಅಂಗ ಆ್ಯಂಟ್ರಿಕ್ಸ್ ಜೊತೆ ಉಪಗ್ರಹದ ಎಸ್-ಬ್ಯಾಂಡ್ ಬಳಕೆಗೆ ಅದು ಮಾಡಿಕೊಂಡ ಕರಾರು 2011ರಲ್ಲಿ ರದ್ದಾಯಿತು. ಕಂಪನಿ ಭಾರತದ್ದು, ಷೇರುದಾರರು ಮಾರಿಷಸ್ ಮತ್ತು ಜರ್ಮನಿಯವರು. ಬಾರ್ಸಿಲೋನಾ ನಿಯಮದ ಪ್ರಕಾರ ಆ ದೇಶಗಳಿಗೆ ಏನೂ ಹೇಳುವ ಹಕ್ಕಿರಲಿಲ್ಲ. ಒಪ್ಪಂದಗಳಡಿ ಷೇರುದಾರರು ಗೆದ್ದರು. ಕಂಪನಿ ಪಡೆದ 56.25 ಕೋಟಿ ಡಾಲರ್ ತೀರ್ಪು ಬೇರೆ. ಮುಂದೆ ಕಂಪನಿಯ ಹುಟ್ಟಿನಲ್ಲೇ ವಂಚನೆ ಇತ್ತೆಂದು ಅದನ್ನು ಮುಚ್ಚುವ ಆದೇಶ ಬಂತು, 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಂಪನಿಯ ಬಾಯಿ ಸರ್ಕಾರಿ ಲಿಕ್ವಿಡೇಟರ್ ಕೈಗೆ ಹೋಯಿತು, ಅದೇ ವರ್ಷ ದೆಹಲಿ ಹೈಕೋರ್ಟ್ 56.25 ಕೋಟಿ ಡಾಲರಿನ ಆ ತೀರ್ಪನ್ನು ರದ್ದುಪಡಿಸಿತು. ಷೇರುದಾರರ ಸ್ವತಂತ್ರ ದಾವೆಗಳು ಮಾತ್ರ ಹೊರದೇಶದ ನ್ಯಾಯಾಲಯಗಳಲ್ಲಿ ಮುಂದುವರಿದವು. ಇಂಥ ದಾವೆಗಳ ಹಿನ್ನೆಲೆಯಲ್ಲಿ ಭಾರತ ಹಳೆಯ ಒಪ್ಪಂದಗಳನ್ನು ಬಹುಪಾಲು ಕೈಬಿಟ್ಟು, 2016ರ ಮಾದರಿ ಒಪ್ಪಂದದಲ್ಲಿ ಗಣನೀಯ ವ್ಯವಹಾರ ನಡೆಸುವ ಸಂಸ್ಥೆಗೆ ಮಾತ್ರ, ಅದೂ ಸ್ಥಳೀಯ ಪರಿಹಾರಗಳಿಗೆ ಐದು ವರ್ಷ ಯತ್ನಿಸಿದ ಮೇಲೆ, ದಾವೆಗೆ ಅವಕಾಶವಿಟ್ಟಿತು.

ಭದ್ರಾವತಿಯ ಕಾರ್ಖಾನೆ 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆ ಸೈಲ್‌ನ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರಲ್ಲಿ ಲೀನವಾಯಿತು. ಖಾಸಗಿಗೆ ಮಾರುವ ಪ್ರಯತ್ನ ಫಲಿಸದೆ 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಬಂತು, ಗುತ್ತಿಗೆ ಕಾರ್ಮಿಕರು ಹೋರಾಟಕ್ಕಿಳಿದರು, ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಓಡಿತು. ಮುಂದೊಂದು ದಿನ ಇದನ್ನು ಪರದೇಶದವರು ಕೊಂಡರೆ ಅವರು ಭಾರತದಲ್ಲಿ ನೋಂದಾಯಿಸುವ ಕಂಪನಿ ಭಾರತದ್ದೇ ಆಗಿರುತ್ತದೆ. ಒಪ್ಪಂದವೊಂದು ಬೇರೆ ಹೇಳದ ಹೊರತು ಅವರ ದೇಶಕ್ಕೆ ಅದರ ಪರವಾಗಿ ಮಾತಾಡುವ ಹಕ್ಕಿರುವುದಿಲ್ಲ.